ಇಳಿದು ಮತ್ತೆ ಏರಿದ ದರ: ಅಲ್ಜೀರಿಯದ ಜನಸಂಖ್ಯೆ



ಆಫ್ರಿಕಾ ಖಂಡದ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಅಲ್ಜೀರಿಯ ದೇಶದಲ್ಲಿ 2000ನೆಯ ಇಸವಿಯಲ್ಲಿ 5 ಲಕ್ಷ 89 ಸಾವಿರ ಮಕ್ಕಳು ಜನಿಸಿದರು. ಹದಿನಾರು ವರ್ಷಗಳ ಅನಂತರ, 2016ರಲ್ಲಿ, ಅದೇ ದೇಶದಲ್ಲಿ ಜನಿಸಿದ ಮಕ್ಕಳ ಸಂಖ್ಯೆ 10 ಲಕ್ಷ 67 ಸಾವಿರ. ಜನನ ಪ್ರಮಾಣವು ಒಮ್ಮೆ ಇಳಿಯತೊಡಗಿತೆಂದರೆ ಇಳಿಯುತ್ತಲೇ ಹೋಗುತ್ತದೆಂದು ಜನಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಅಲ್ಜೀರಿಯದಲ್ಲಿ ಅದು ಇಳಿದು, ನಿಂತು, ಮತ್ತೆ ಮೇಲೆದ್ದಿತು. ಹೀಗೇಕಾಯಿತೆಂಬುದೇ ಇಂದಿನ ಮಾತಿನ ವಿಷಯ.

ಸಮುದ್ರದಾಚೆಯ ಒಂದು ದೇಶದ ಜನನ ಮರಣಗಳ ಲೆಕ್ಕವನ್ನು ಈ ಸಭೆಯ ಮುಂದೆ ಇಡುವುದಕ್ಕೆ ಕಾರಣವಿದೆ. ಗುಡ್ಡ ಬೋಳಾದಲ್ಲೆಲ್ಲ, ಹೊಳೆ ಬತ್ತಿದಲ್ಲೆಲ್ಲ, ಮೊದಲು ಕೇಳಿಬರುವ ವಿವರಣೆ ‘ಜನ ಹೆಚ್ಚಾದರು’ ಎಂಬುದು. ಅದು ಪೂರ್ತಿ ಸುಳ್ಳಲ್ಲ. ಆದರೆ ಜನ ಯಾವಾಗ ಹೆಚ್ಚಾದರು, ಎಲ್ಲಿ ಹೆಚ್ಚಾದರು, ಯಾರು ಅವರನ್ನು ಎಲ್ಲಿಂದ ಎಲ್ಲಿಗೆ ನೂಕಿದರು ಎಂಬ ಪ್ರಶ್ನೆಗಳನ್ನು ಕೇಳದೆ ಆ ವಾಕ್ಯವನ್ನು ಒಪ್ಪಿಕೊಂಡರೆ, ಅದು ಬಡವರ ತಲೆಯ ಮೇಲೆ ಹೊರಿಸುವ ಆರೋಪವಾಗಿಬಿಡುತ್ತದೆ.

ಮೊದಲು ಲೆಕ್ಕದ ರೀತಿ. ಒಂದು ವರ್ಷದಲ್ಲಿ ಸಾವಿರ ಜನರಿಗೆ ಎಷ್ಟು ಜನನಗಳಾದವು ಎಂಬುದರಿಂದ ಎಷ್ಟು ಮರಣಗಳಾದವು ಎಂಬುದನ್ನು ಕಳೆದರೆ ದೊರೆಯುವುದೇ ಸಹಜ ವೃದ್ಧಿ. ವಲಸೆ ಹೋದವರೂ ಬಂದವರೂ ಈ ಲೆಕ್ಕಕ್ಕೆ ಸೇರುವುದಿಲ್ಲ. 1985ರಲ್ಲಿ ಅಲ್ಜೀರಿಯದಲ್ಲಿ ಸಾವಿರಕ್ಕೆ 39.5 ಜನನ, 8.4 ಮರಣ, ಸಹಜ ವೃದ್ಧಿ ಸಾವಿರಕ್ಕೆ 31.1, ಅಂದರೆ ಶೇಕಡಾ 3.11. ಎಪ್ಪತ್ತನ್ನು ಈ ಶೇಕಡಾವಾರಿನಿಂದ ಭಾಗಿಸಿದರೆ, ಜನಸಂಖ್ಯೆ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂಬ ಅಂದಾಜು ಸಿಗುತ್ತದೆ. ಇಲ್ಲಿ ಅದು ಇಪ್ಪತ್ತಮೂರು ವರ್ಷಕ್ಕೂ ಕಡಿಮೆ. 2000ದಲ್ಲಿ ಜನನ 19.4ಕ್ಕೆ ಇಳಿದಿತ್ತು, ಮರಣ 4.6ಕ್ಕೆ, ವೃದ್ಧಿ ಶೇಕಡಾ 1.48. ಇಮ್ಮಡಿಯಾಗುವ ಅವಧಿ ನಲವತ್ತೇಳು ವರ್ಷಗಳಿಗೆ ಹಿಗ್ಗಿತು. 2014ರಲ್ಲಿ ಜನನ ಮತ್ತೆ 25.9ಕ್ಕೆ ಏರಿ, ವೃದ್ಧಿ ಶೇಕಡಾ 2.15 ಆಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾವಿರಕ್ಕೆ 4.6 ಮರಣವೆಂದರೆ ಫ್ರಾನ್ಸಿನ ಮರಣ ಪ್ರಮಾಣದ ಸುಮಾರು ಅರ್ಧ. ಅಲ್ಜೀರಿಯದ ಆಸ್ಪತ್ರೆಗಳು ಫ್ರಾನ್ಸಿನವಕ್ಕಿಂತ ಎರಡು ಪಟ್ಟು ಉತ್ತಮವೆಂದು ಇದರ ಅರ್ಥವಲ್ಲ. ಅಲ್ಲಿ ಮುದುಕರು ಕಡಿಮೆ, ಯುವಕರು ಹೆಚ್ಚು. ಆದ್ದರಿಂದ ಸಾಯುವವರೂ ಕಡಿಮೆ. ಸಾವಿರಕ್ಕೆ ಇಷ್ಟು ಎಂಬ ದರಗಳು ಸದಾ ವಯೋಮಾನದ ಹಿಂದೆ ಅಡಗಿ ಕುಳಿತಿರುತ್ತವೆ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

1830ರಲ್ಲಿ ಫ್ರೆಂಚ್ ಸೇನೆ ಅಲ್ಜೀರ್ಸ್ ನಗರವನ್ನು ಹಿಡಿದಾಗ ಆ ನಾಡಿನ ಜನಸಂಖ್ಯೆ ಸುಮಾರು 30 ಲಕ್ಷವಿದ್ದಿತೆಂಬುದು ಅಂದಾಜು. 1872ರ ಗಣತಿಯಲ್ಲಿ ಸ್ಥಳೀಯ ಜನರ ಸಂಖ್ಯೆ ಸುಮಾರು 21 ಲಕ್ಷ. ನಲವತ್ತು ವರ್ಷಗಳಲ್ಲಿ ಒಂದು ದೇಶ ಬೆಳೆಯಲಿಲ್ಲ, ಕುಗ್ಗಿತು. ಯುದ್ಧ, 1866ರಿಂದ 1868ರವರೆಗಿನ ಮಿಡತೆ, ಬರ, ಕಾಲರಾ, ಕ್ಷಾಮ, ಎಲ್ಲವೂ ಸೇರಿ ಜನರನ್ನು ತಿಂದವು. 1871ರಲ್ಲಿ ಮೊಕ್ರಾನಿಯ ಮುಂದಾಳುತನದಲ್ಲಿ ಕಬೀಲಿಯ ಬೆಟ್ಟಸೀಮೆ ದಂಗೆಯೆದ್ದಿತು. ದಂಗೆ ಅಡಗಿದ ಮೇಲೆ ನಾಲ್ಕು ಲಕ್ಷಕ್ಕೂ ಹೆಚ್ಚು ಹೆಕ್ಟೇರ್ ಭೂಮಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅಲ್ಜೀರ್ಸಿನ ಹಿಂದಿನ ಮಿತಿಜಾ ಬಯಲಿನಂಥ ಫಲವತ್ತಾದ ನೆಲವು ವಲಸಿಗರ ದ್ರಾಕ್ಷಿ ತೋಟಗಳಾಯಿತು. ಬಯಲನ್ನು ಕಳೆದುಕೊಂಡ ರೈತನು ಇಳಿಜಾರನ್ನು ಉತ್ತನು. ಇಳಿಜಾರನ್ನು ಉತ್ತರೆ ಮಳೆಗಾಲದಲ್ಲಿ ಮಣ್ಣು ಎಲ್ಲಿಗೆ ಹೋಗುತ್ತದೆಂದು ಈ ಸಭೆಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಗುಡ್ಡದ ಮೇಲಿನ ಒತ್ತಡ ಆರಂಭವಾದುದು ಜನ ಕಡಿಮೆಯಾಗಿದ್ದ ಕಾಲದಲ್ಲಿಯೇ ಎಂಬುದು ಗಮನಾರ್ಹ.

ಅನಂತರ ಸಂಖ್ಯೆ ಚೇತರಿಸಿಕೊಂಡಿತು. 1954ರ ಹೊತ್ತಿಗೆ ಸ್ಥಳೀಯರು ಸುಮಾರು 85 ಲಕ್ಷ, ಐರೋಪ್ಯ ವಲಸಿಗರು ಸುಮಾರು 10 ಲಕ್ಷ. ಆ ವರ್ಷ ಆರಂಭವಾದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನೆಯು ಬೆಟ್ಟದ ಹಳ್ಳಿಗಳನ್ನು ತೆರವುಗೊಳಿಸಿ, ಅವನ್ನು ನಿಷೇಧಿತ ವಲಯಗಳೆಂದು ಘೋಷಿಸಿ, ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಹೋರಾಟಗಾರರಿಗೆ ಅನ್ನ ನೀರು ಸಿಗದಂತೆ ಮಾಡುವುದು ಉದ್ದೇಶ. ಯುದ್ಧ ಮುಗಿಯುವ ವೇಳೆಗೆ ಹೀಗೆ ಎತ್ತಂಗಡಿಯಾದವರು 20 ಲಕ್ಷಕ್ಕೂ ಹೆಚ್ಚು. ಮುಂದೆ ಫ್ರಾನ್ಸಿನ ಪ್ರಧಾನಿಯಾದ ಮಿಷೆಲ್ ರೊಕಾರ್ ಆಗ ಯುವ ಅಧಿಕಾರಿ. 1959ರ ಅವರ ವರದಿಯು ಈ ಶಿಬಿರಗಳಲ್ಲಿನ ಹಸಿವನ್ನೂ ಮಕ್ಕಳ ಸಾವನ್ನೂ ಹೊರಗೆಡವಿತು. ಸಮಾಜಶಾಸ್ತ್ರಜ್ಞರಾದ ಪಿಯರ್ ಬೋರ್ದ್ಯು ಮತ್ತು ಅಬ್ದೆಲ್ಮಾಲೆಕ್ ಸಯಾದ್ ಇದೇ ವಿಷಯದ ಮೇಲೆ 1964ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅನೇಕರು ಬೆಟ್ಟಕ್ಕೆ ಹಿಂದಿರುಗಲಿಲ್ಲ. ಹೊಲ ಹಾಳಾಗಿತ್ತು, ದನಕರು ಹೋಗಿದ್ದವು, ನಗರದ ಅಂಚಿನ ತಗಡಿನ ಮನೆಯಾದರೂ ಸಿಕ್ಕಿತ್ತು.

1962ರ ಜುಲೈ 5ರಂದು ದೇಶ ಸ್ವತಂತ್ರವಾಯಿತು. 1966ರ ಗಣತಿಯಲ್ಲಿ 1 ಕೋಟಿ 20 ಲಕ್ಷ. 1977ರಲ್ಲಿ 1 ಕೋಟಿ 69 ಲಕ್ಷ. 1987ರಲ್ಲಿ 2 ಕೋಟಿ 30 ಲಕ್ಷ. ಒಬ್ಬ ತಾಯಿಗೆ ಸರಾಸರಿ ಏಳೆಂಟು ಮಕ್ಕಳು. ಯುದ್ಧದಲ್ಲಿ ಸತ್ತವರ ಜಾಗವನ್ನು ತುಂಬುವ ಹಂಬಲ, ಹೆಣ್ಣುಮಕ್ಕಳಿಗೆ ಹದಿನೆಂಟರ ಆಸುಪಾಸಿನಲ್ಲಿಯೇ ಮದುವೆ, 1974ರಿಂದ ಉಚಿತ ವೈದ್ಯಕೀಯ ಸೇವೆ, ತೈಲದ ಹಣದಿಂದ ಅಗ್ಗದ ಧಾನ್ಯ, ಇವೆಲ್ಲ ಸೇರಿದವು. ಮರಣ ಇಳಿಯಿತು, ಜನನ ಇಳಿಯಲಿಲ್ಲ. ಜಗತ್ತಿನ ಅತಿ ವೇಗದ ವೃದ್ಧಿ ದರಗಳಲ್ಲಿ ಒಂದು ಅಲ್ಜೀರಿಯದ್ದಾಯಿತು.

ಅಧ್ಯಕ್ಷ ಬೂಮೆದಿಯೆನ್ ಅವರಿಗೆ ಇದು ಸಮಸ್ಯೆಯೆಂದು ತೋರಲಿಲ್ಲ. ಗರ್ಭನಿರೋಧದ ಮೊದಲ ಕೇಂದ್ರ 1967ರಲ್ಲಿ ಅಲ್ಜೀರ್ಸಿನಲ್ಲಿ ತೆರೆದಿತ್ತು. ದಂಪತಿಗಳು ಸ್ವಂತ ಇಚ್ಛೆಯಿಂದ ಗರ್ಭನಿರೋಧವನ್ನು ಅನುಸರಿಸಬಹುದೆಂದು 1968ರಲ್ಲಿಯೇ ಧಾರ್ಮಿಕ ಮಂಡಲಿ ಅಭಿಪ್ರಾಯ ಕೊಟ್ಟಿತ್ತು. ಆದರೆ ಜನನ ಮಿತಿಯನ್ನು ರಾಷ್ಟ್ರದ ನೀತಿಯನ್ನಾಗಿಸಲು ಸರ್ಕಾರ ಒಪ್ಪಲಿಲ್ಲ. 1974ರಲ್ಲಿ ಬುಕಾರೆಸ್ಟ್ ನಗರದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ನೆರೆದಾಗ, ಶ್ರೀಮಂತ ದೇಶಗಳು ಬಡ ದೇಶಗಳಿಗೆ ಮಕ್ಕಳ ಸಂಖ್ಯೆಯನ್ನು ಕಡಿಮೆ ಮಾಡಿರೆಂದು ಬೋಧಿಸುವುದನ್ನು ಎದುರಿಸಿದವರ ಮುಂಚೂಣಿಯಲ್ಲಿ ಅಲ್ಜೀರಿಯವಿತ್ತು. ಅತ್ಯುತ್ತಮ ಗುಳಿಗೆಯೆಂದರೆ ಅಭಿವೃದ್ಧಿಯೇ ಎಂಬುದು ಅದರ ವಾದ. ಅದೇ ಸಮ್ಮೇಳನದಲ್ಲಿ ಭಾರತದ ಆರೋಗ್ಯ ಸಚಿವ ಕರಣ್ ಸಿಂಗ್ ಅವರೂ ಅಭಿವೃದ್ಧಿಯೇ ಶ್ರೇಷ್ಠ ಗರ್ಭನಿರೋಧಕವೆಂಬ ಅರ್ಥದ ಮಾತನ್ನಾಡಿದರು.

ಎರಡು ದೇಶಗಳು ಒಂದೇ ಮಾತನ್ನಾಡಿ ಎರಡು ದಾರಿ ಹಿಡಿದವು. 1976ರಲ್ಲಿ ಭಾರತದ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದವರು ಅದೇ ಸಚಿವರು. ತುರ್ತುಪರಿಸ್ಥಿತಿಯ ನಡುವೆ, 1976-77ರ ಒಂದೇ ಸಾಲಿನಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸಲೆಂದು ಬಡವರನ್ನು ಹಿಡಿದೊಯ್ದ ಕಥೆಗಳನ್ನು ಹಿರಿಯರು ಬಲ್ಲರು. ಅಲ್ಜೀರಿಯ ಆ ದಾರಿಗೆ ಹೋಗಲಿಲ್ಲ. ಅದರ ತಪ್ಪು ಬೇರೆ ಬಗೆಯದು: ಸ್ವಇಚ್ಛೆಯಿಂದ ಸೇವೆ ಬಯಸಿದ ಹೆಂಗಸರಿಗೂ ಹತ್ತು ಹದಿನೈದು ವರ್ಷಗಳ ಕಾಲ ಅದನ್ನು ಸಾಕಷ್ಟು ಒದಗಿಸಲಿಲ್ಲ. ರಾಷ್ಟ್ರೀಯ ಕಾರ್ಯಕ್ರಮವೊಂದು ರೂಪುಗೊಂಡದ್ದು 1983ರಲ್ಲಿ. ಮರುವರ್ಷವೇ ಬಂದ ಕುಟುಂಬ ಸಂಹಿತೆಯಾದರೋ ಮದುವೆ, ವಿಚ್ಛೇದನಗಳಲ್ಲಿ ಹೆಣ್ಣನ್ನು ಗಂಡಿನ ರಕ್ಷಕತ್ವದಡಿಯಲ್ಲಿಯೇ ಇರಿಸಿತು. ಒಂದು ಕೈಯಿಂದ ಗುಳಿಗೆ ಕೊಟ್ಟು ಇನ್ನೊಂದು ಕೈಯಿಂದ ಹಕ್ಕು ಕಸಿದಂತಾಯಿತು ಎಂದರೆ ಅತಿಶಯೋಕ್ತಿಯಲ್ಲ. 2005ರ ತಿದ್ದುಪಡಿಯಿಂದ ಹೆಣ್ಣು ಗಂಡು ಇಬ್ಬರಿಗೂ ಮದುವೆಯ ಕನಿಷ್ಠ ವಯಸ್ಸು 19 ಆಯಿತು.

ಹೀಗಿದ್ದೂ 1980ರ ದಶಕದ ನಡುವಿನಿಂದ ಜನನ ಪ್ರಮಾಣ ಬಂಡೆಯಿಂದ ಜಾರಿದಂತೆ ಇಳಿಯಿತು. ಒಬ್ಬ ತಾಯಿಗೆ 1970ರಲ್ಲಿ ಸರಾಸರಿ 7.8 ಮಕ್ಕಳಿದ್ದರೆ, 1990ರಲ್ಲಿ 4.5, 2000ದಲ್ಲಿ 2.4. ಪಕ್ಕದ ಟ್ಯುನೀಸಿಯ ದೇಶವು 1956ರಲ್ಲಿಯೇ ಬಹುಪತ್ನಿತ್ವವನ್ನು ನಿಷೇಧಿಸಿ, 1960ರ ದಶಕದಿಂದ ಕುಟುಂಬ ಯೋಜನೆಯನ್ನು ಊರೂರಿಗೆ ಮುಟ್ಟಿಸಿ, ಶತಮಾನದ ಕೊನೆಗೆ ಎರಡರ ಸಮೀಪಕ್ಕೆ ಬಂದಿತ್ತು. ಅಲ್ಜೀರಿಯ ಇಪ್ಪತ್ತು ವರ್ಷ ತಡವಾಗಿ ಹೊರಟು ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅದರ ಬಳಿಗೆ ತಲುಪಿತು.

ಇದಕ್ಕೆ ಗುಳಿಗೆ ಒಂದೇ ಕಾರಣವಲ್ಲ, ಮದುವೆಯೂ ಕಾರಣ. 1966ರಲ್ಲಿ ಹೆಣ್ಣುಮಕ್ಕಳ ಸರಾಸರಿ ಮದುವೆಯ ವಯಸ್ಸು 18.3, 1987ರಲ್ಲಿ 23.7, 1998ರಲ್ಲಿ 27.6, 2002ರಲ್ಲಿ 29.6. ಗಂಡಸರದು 33ರ ಸಮೀಪಕ್ಕೆ ಹೋಗಿತ್ತು. ಒಂದು ಸಮಾಜ ಮೂವತ್ತಾರು ವರ್ಷಗಳಲ್ಲಿ ತನ್ನ ಮದುವೆಯನ್ನು ಹನ್ನೊಂದು ವರ್ಷ ಮುಂದೂಡಿತು! ಈ ಬದಲಾವಣೆಯ ಒಂದು ಭಾಗಕ್ಕೆ ಕಾರಣ ಶಾಲೆ. ಸ್ವತಂತ್ರ ಅಲ್ಜೀರಿಯ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿತು, ಇಂದು ವಿಶ್ವವಿದ್ಯಾಲಯಗಳಲ್ಲಿ ಅವರೇ ಬಹುಸಂಖ್ಯಾತರು. ಇನ್ನೊಂದು ಭಾಗಕ್ಕೆ ಕಾರಣ ಸಂಕಟ. 1986ರಲ್ಲಿ ತೈಲದ ಬೆಲೆ ಕುಸಿಯಿತು, ಕೆಲಸವಿಲ್ಲ, ಮನೆಯಿಲ್ಲ. 1988ರ ಅಕ್ಟೋಬರ್‌ನಲ್ಲಿ ಯುವಕರು ಬೀದಿಗಿಳಿದರು. 1992ರಿಂದ ಹತ್ತು ವರ್ಷ ನಡೆದ ಅಂತರ್ಯುದ್ಧದಲ್ಲಿ ಸತ್ತವರು ಒಂದೂವರೆ ಲಕ್ಷದಿಂದ ಎರಡು ಲಕ್ಷವೆಂದು ಅಂದಾಜು. ತಂದೆ ತಾಯಿ, ಅಣ್ಣ ತಮ್ಮಂದಿರು ಎರಡು ಕೋಣೆಗಳಲ್ಲಿ ಸರದಿಯಂತೆ ಮಲಗುವ ಮನೆಗೆ ಸೊಸೆಯನ್ನು ಹೇಗೆ ತರುವುದು? ಆದ್ದರಿಂದ 2000ದ ಆ ಸುಂದರವಾದ 1.48 ಎಂಬ ದರವನ್ನು ಕಂಡು ಹಿಗ್ಗುವ ಮೊದಲು ಅದರೊಳಗೆ ಶಿಕ್ಷಣ ಎಷ್ಟು, ಭಯ ಎಷ್ಟು, ಬಡತನ ಎಷ್ಟು ಎಂದು ಕೇಳಬೇಕಾಗುತ್ತದೆ.

ಆ ಪ್ರಶ್ನೆಗೆ ಉತ್ತರ ಮುಂದಿನ ಹದಿನೈದು ವರ್ಷಗಳಲ್ಲಿ ದೊರೆಯಿತು. ಯುದ್ಧ ತಣ್ಣಗಾಯಿತು, ತೈಲದ ಬೆಲೆ ಏರಿತು, ಸರ್ಕಾರ ಲಕ್ಷಗಟ್ಟಲೆ ಮನೆಗಳನ್ನು ಕಟ್ಟಿಸಿತು. ತಡೆದಿದ್ದ ಮದುವೆಗಳು ಒಮ್ಮೆಲೇ ನಡೆದವು. 2000ದಲ್ಲಿ 1 ಲಕ್ಷ 77 ಸಾವಿರ ಮದುವೆಗಳಾಗಿದ್ದರೆ, 2013ರಲ್ಲಿ 3 ಲಕ್ಷ 88 ಸಾವಿರ. ಮದುವೆಯಾಗಲು ನಿಂತಿದ್ದವರೂ ಹೆಚ್ಚು ಮಂದಿಯೇ. ಏಕೆಂದರೆ ವರ್ಷಕ್ಕೆ ಎಂಟು ಲಕ್ಷಕ್ಕೂ ಮಿಗಿಲಾಗಿ ಮಕ್ಕಳು ಹುಟ್ಟುತ್ತಿದ್ದ 1980ರ ದಶಕದ ಪೀಳಿಗೆ ಅದು. ವಯೋಮಾನದ ವಿಷಯ ಮತ್ತೆ ಬೇಕಾಗುತ್ತದೆಂದು ಹೇಳಿದ್ದು ಇದಕ್ಕಾಗಿಯೇ. ಮೂವತ್ತು ವರ್ಷಗಳ ಹಿಂದಿನ ಜನನವು ಇಂದಿನ ಜನನವಾಗಿ ಮರಳಿ ಬರುತ್ತದೆ, ಬೆಟ್ಟದ ಮುಂದೆ ಕೂಗಿದ ಧ್ವನಿ ಮರಳಿ ಬಂದಂತೆ.

ಆದರೆ ಪೀಳಿಗೆಯ ಗಾತ್ರವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಒಬ್ಬ ತಾಯಿಯ ಸರಾಸರಿ ಮಕ್ಕಳ ಸಂಖ್ಯೆಯೂ 2.4ರಿಂದ 2015ರಲ್ಲಿ 3.1ಕ್ಕೆ ಏರಿತು. ಗರ್ಭನಿರೋಧ ಬಳಸುವ ವಿವಾಹಿತೆಯರ ಪ್ರಮಾಣ 2006ರ ಶೇಕಡಾ 61ರಿಂದ 2019ರಲ್ಲಿ ಶೇಕಡಾ 54ರ ಸಮೀಪಕ್ಕೆ ಇಳಿಯಿತು. ಓದಿದ ಹೆಂಗಸರಿಗೆ ಕೆಲಸ ದೊರೆಯದಿರುವುದನ್ನು ಇದಕ್ಕೊಂದು ಕಾರಣವಾಗಿ ಹಲವರು ಕಾಣುತ್ತಾರೆ. ವಿಶ್ವವಿದ್ಯಾಲಯದಲ್ಲಿ ಹುಡುಗಿಯರು ಹೆಚ್ಚಿದ್ದರೂ, ದುಡಿಮೆಗೆ ಸೇರಿದ ವಯಸ್ಕ ಹೆಂಗಸರ ಪ್ರಮಾಣ ಶೇಕಡಾ ಇಪ್ಪತ್ತನ್ನೂ ಮುಟ್ಟಿಲ್ಲ. ಪದವಿ ಪತ್ರವು ಗೋಡೆಯಲ್ಲಿದ್ದು ಅದನ್ನು ಪಡೆದವಳು ಮನೆಯೊಳಗೇ ಉಳಿದರೆ ಶಾಲೆಯ ಪ್ರಭಾವ ಅರ್ಧದಲ್ಲಿಯೇ ನಿಲ್ಲುತ್ತದೆ.

ಈಗ ನೆಲದ ಕಡೆಗೆ. ಅಲ್ಜೀರಿಯದ ವಿಸ್ತೀರ್ಣ ಸುಮಾರು 23.8 ಲಕ್ಷ ಚದರ ಕಿಲೋಮೀಟರ್. ಆಫ್ರಿಕಾದಲ್ಲಿಯೇ ಅತಿ ದೊಡ್ಡ ದೇಶ. ಆದರೆ ಅದರ ಬಹುಪಾಲು ಸಹಾರಾ ಮರುಭೂಮಿ. 2008ರ ಗಣತಿಯ ಪ್ರಕಾರ ಉತ್ತರದ ಕರಾವಳಿ ಮತ್ತು ಬೆಟ್ಟಸಾಲಿನ ಶೇಕಡಾ 4ರಷ್ಟು ನೆಲದಲ್ಲಿ ಶೇಕಡಾ 63ರಷ್ಟು ಜನರಿದ್ದಾರೆ. ದಕ್ಷಿಣದ ಶೇಕಡಾ 87ರಷ್ಟು ನೆಲದಲ್ಲಿರುವವರು ಶೇಕಡಾ 10 ಮಾತ್ರ. ದೇಶದ ಸರಾಸರಿ ಸಾಂದ್ರತೆಯೆಂಬ ಅಂಕಿ ಇಲ್ಲಿ ಏನನ್ನೂ ಹೇಳುವುದಿಲ್ಲ.

ಸಂಖ್ಯೆಯ ಭಾರ ನಿಜವಾಗಿ ಕಾಣುವುದು ನೀರಿನಲ್ಲಿ. ಪ್ರತಿವರ್ಷ ಮರುಪೂರಣವಾಗುವ ನೀರನ್ನು ತಲೆಗೆ ಹಂಚಿದರೆ 1962ರಲ್ಲಿ ಒಬ್ಬರಿಗೆ ಸುಮಾರು 1500 ಘನಮೀಟರ್ ಇತ್ತು. ಇಂದು 300ಕ್ಕಿಂತ ಕಡಿಮೆ. ಮಳೆಯೂ ಕ್ಷೀಣಿಸಿದೆ, ಕೊಳವೆಗಳೂ ಸೋರುತ್ತವೆ, ಆದರೆ ಭಾಗಿಸುವ ಅಂಕಿ ನಾಲ್ಕು ಪಟ್ಟಾದುದನ್ನು ಮರೆಮಾಚಲಾಗದು. ಜನಸಂಖ್ಯೆಯ ಮಾತೇ ಪರಿಸರವಾದಿಗಳಿಗೆ ವರ್ಜ್ಯವೆಂದು ತಿಳಿಯುವವರು ಈ ಲೆಕ್ಕವನ್ನು ನೋಡಬೇಕು. ಅಲ್ಜೀರ್ಸ್ ನಗರಕ್ಕಾಗಿ 2008ರಲ್ಲಿ ದಿನಕ್ಕೆ 2 ಲಕ್ಷ ಘನಮೀಟರ್ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರವು ಹಮ್ಮಾದಲ್ಲಿ ಆರಂಭವಾಯಿತು. 2025ರಲ್ಲಿ ದಿನಕ್ಕೆ 3 ಲಕ್ಷ ಘನಮೀಟರಿನ ಇನ್ನೂ ಐದು ಸ್ಥಾವರಗಳು ಕಾರ್ಯಾರಂಭ ಮಾಡಿದವು. ಈ ಸ್ಥಾವರಗಳನ್ನು ನಡೆಸಲು ದೇಶದ ಅನಿಲ ಬೇಕು. ಅನಿಲ ತೀರುವ ದಿನದ ನೀರಿನ ಮಾತನ್ನು ಯಾರೂ ಹೆಚ್ಚು ಆಡುತ್ತಿಲ್ಲ.

ಹುಲ್ಲುಗಾವಲಿನ ಕಥೆ ಇದಕ್ಕೆ ವಿರುದ್ಧ. ಬೆಟ್ಟಸಾಲಿಗೂ ಮರುಭೂಮಿಗೂ ನಡುವಿನ ಎರಡು ಕೋಟಿ ಹೆಕ್ಟೇರಿನಷ್ಟು ಹುಲ್ಲುಗಾವಲು ಇಂದು ಬಹುಮಟ್ಟಿಗೆ ಸವೆದುಹೋಗಿದೆ. ಅಲ್ಲಿ ಅಲೆಮಾರಿ ಕುರಿಗಾಹಿಗಳ ಸಂಖ್ಯೆ ಇಳಿದಿದೆ, ಕುರಿಗಳ ಸಂಖ್ಯೆ ಏರಿದೆ. ಲಾರಿಯಲ್ಲಿ ಹಿಂಡನ್ನು ಸಾಗಿಸುವ, ಸಬ್ಸಿಡಿಯ ಬಾರ್ಲಿ ತಿನ್ನಿಸುವ ದೊಡ್ಡ ಒಡೆಯರದು ಆ ಹಿಂಡು. ಹುಲ್ಲು ಮುಗಿದರೂ ಹಿಂಡು ಕರಗುವುದಿಲ್ಲ, ಬಾರ್ಲಿಯ ಬಲದಿಂದ ನಿಂತು ಮೊಳಕೆಯನ್ನೂ ಮೇಯುತ್ತದೆ. ಮರುಭೂಮಿಯನ್ನು ತಡೆಯಲೆಂದು 1970ರ ದಶಕದಲ್ಲಿ ಸರ್ಕಾರವು ಪೂರ್ವದಿಂದ ಪಶ್ಚಿಮಕ್ಕೆ 1500 ಕಿಲೋಮೀಟರ್ ಉದ್ದದ ‘ಹಸಿರು ಅಣೆಕಟ್ಟು’ ಕೈಗೊಂಡಿತು. ಸೇನೆಗೆ ಸೇರಿದ ಯುವಕರು ಸಾಲು ಸಾಲಾಗಿ ಅಲೆಪ್ಪೊ ಪೈನ್ ಗಿಡಗಳನ್ನು ನೆಟ್ಟರು. ಒಂದೇ ಜಾತಿಯ ಮರ, ಮಣ್ಣು ನೋಡದೆ ನೆಟ್ಟದ್ದು, ಕುರಿಗಾಹಿಯನ್ನು ಕೇಳದೆ ನೆಟ್ಟದ್ದು. ಬಹುಭಾಗ ಒಣಗಿತು, ಹುಳು ಬಿದ್ದಿತು. ಏಕಜಾತಿಯ ನೆಡುತೋಪನ್ನು ಕಂಡವರಿಗೆ ಇದು ಹೊಸ ಕಥೆಯಲ್ಲ.

ಕೊನೆಯದಾಗಿ ಬೆಟ್ಟ. ಕಬೀಲಿಯ ಸೀಮೆಯ ತಿಝಿ ಉಝು ಜಿಲ್ಲೆ ಕಡಿದಾದ ಏಣುಗಳ ಮೇಲೆ ಹಳ್ಳಿಗಳಿರುವ, ಆಲಿವ್ ಮತ್ತು ಅಂಜೂರ ಬೆಳೆಯುವ ನಾಡು. 2008ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ 380ರಷ್ಟು ಜನರಿದ್ದರು, ಬೆಟ್ಟಕ್ಕೆ ಇದು ಅತ್ಯಧಿಕ. ಆದರೆ 1998ರಿಂದ 2008ರವರೆಗಿನ ಹತ್ತು ವರ್ಷಗಳಲ್ಲಿ ಆ ಜಿಲ್ಲೆಯಲ್ಲಿ ಹೆಚ್ಚಿದವರು ಇಪ್ಪತ್ತು ಸಾವಿರದಷ್ಟೂ ಇಲ್ಲ. 11 ಲಕ್ಷ ದಾಟಿದ ಸಂಖ್ಯೆ ಬಹುತೇಕ ಅಲ್ಲಿಯೇ ನಿಂತಿತ್ತು. ಫ್ರಾನ್ಸಿನ ಕಾರ್ಖಾನೆಗಳಿಗೂ ಗಣಿಗಳಿಗೂ ಅಲ್ಲಿಯ ಗಂಡಸರು ಹೋಗತೊಡಗಿದ್ದು ಮೊದಲ ಮಹಾಯುದ್ಧಕ್ಕೂ ಮೊದಲು. ಅಲ್ಲಿಯ ತಾಯಂದಿರು ದೇಶದ ಇತರೆಡೆಗಿಂತ ಮೊದಲೇ ಕಡಿಮೆ ಮಕ್ಕಳನ್ನು ಹಡೆದರು. 2021ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಹೊತ್ತಿದಾಗ ಆಲಿವ್ ತೋಪುಗಳೂ ಮನೆಗಳೂ ಉರಿದವು. ಬೆಂಕಿ ಆರಿಸಲು ಹೋದ ಸೈನಿಕರೂ ಸೇರಿ ಸತ್ತವರು ಸುಮಾರು 90 ಮಂದಿ, ಅವರಲ್ಲಿ ಹೆಚ್ಚಿನವರು ಈ ಜಿಲ್ಲೆಯವರು. ಆ ಬೆಟ್ಟದಲ್ಲಿ ಜನಸಂಖ್ಯೆ ಸ್ಫೋಟಿಸಿದ್ದರಿಂದ ಹಾಗಾಯಿತೆಂದು ಯಾರೂ ಹೇಳಲಾರರು.

2016ರ ಶಿಖರದ ಅನಂತರ ದರವು ಮತ್ತೆ ಇಳಿಯುತ್ತಿದೆ. 2019ರಲ್ಲಿ ಸಾವಿರಕ್ಕೆ 23.8 ಜನನ, 4.55 ಮರಣ, ವೃದ್ಧಿ ಶೇಕಡಾ 1.93, ಮದುವೆಗಳು 3 ಲಕ್ಷ 15 ಸಾವಿರಕ್ಕೆ ಇಳಿದಿದ್ದವು. 2014ರ ಮಧ್ಯದಿಂದ ತೈಲದ ಬೆಲೆ ಕುಸಿದದ್ದು ಒಂದು ಕಾರಣ. ಅಂತರ್ಯುದ್ಧದ ಕಾಲದಲ್ಲಿ ಹುಟ್ಟಿದ ಚಿಕ್ಕ ಪೀಳಿಗೆ ಮದುವೆಯ ವಯಸ್ಸಿಗೆ ಬಂದದ್ದು ಇನ್ನೊಂದು. 2024ರ ಹೊತ್ತಿಗೆ ಒಟ್ಟು ಜನಸಂಖ್ಯೆ 4 ಕೋಟಿ 60 ಲಕ್ಷವನ್ನು ಮೀರಿತ್ತು. 2000ದಲ್ಲಿ ಹುಟ್ಟಿದ ಐದು ಲಕ್ಷ ಎಂಬತ್ತೊಂಬತ್ತು ಸಾವಿರ ಮಂದಿ ಈಗ ಇಪ್ಪತ್ತೈದು ದಾಟಿದ್ದಾರೆ. ಅವರ ಮದುವೆಗಳು ಕಡಿಮೆಯೇ ಇರುತ್ತವೆ, ಅವರ ಮಕ್ಕಳೂ ಕಡಿಮೆ. 2016ರಲ್ಲಿ ಹುಟ್ಟಿದ ಹತ್ತು ಲಕ್ಷ ಅರವತ್ತೇಳು ಸಾವಿರ ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯ ಆಸುಪಾಸಿನಲ್ಲಿದ್ದಾರೆ. ಅವರು ಮನೆ, ಕೆಲಸ, ನೀರು ಕೇಳುತ್ತ ಮದುವೆಯ ಬಾಗಿಲಿಗೆ ಬರುವುದು 2045ರ ಸುಮಾರಿಗೆ.